ನಾಲ್ಕು ದಿನ ಡಿಕ್ಕಿಯಲ್ಲಿ

ಡಾಕ್ಟರು ಮೇಜಿನ ಮೇಲಿಟ್ಟ ನಳಿಗೆಯನ್ನು ಕಂಡ ಕೂಡಲೇ ಬಸವೇಶ್ವರನಿಗೆ ಹೊಳೆದದ್ದು ಅದರ ಅಳತೆ. ಐದು ಎಂಎಂ, ಹೆಚ್ಚೆಂದರೆ ಐದೂವರೆ. ತೊಗರಿ ಹೊಲಕ್ಕೆ ಹನಿ ನೀರಾವರಿ ಹಾಕಿಸುವವರಿಗೆ ಅವನು ಮೊಳ ಹಾಕಿ ಕತ್ತರಿಸಿ ಕೊಡುವ ಕರಿ ನಳಿಗೆಯೂ ಇಷ್ಟೇ ದಪ್ಪ, ಆದರೆ ಇದು ಮೆತ್ತಗಿದೆ, ಬಗ್ಗಿಸಿದ ಜಾಗದಲ್ಲಿ ಬೆಳ್ಳಗಾಗುವುದಿಲ್ಲ, ಒಳ್ಳೆಯ ಮಾಲು. ಇಪ್ಪತ್ತೆರಡು ವರ್ಷ ತುರೋರಿಯ ಹೈವೇ ಮೇಲೆ ಪೈಪು ಮಾರಿದವನ ತಲೆ, ಹೆತ್ತ ತಾಯಿಯ ಮೂಗಿನಿಂದ ಹೊಟ್ಟೆಗೆ ಇಳಿಸುವ ಪೈಪನ್ನು ನೋಡಿದಾಗಲೂ ಅಂಗಡಿಯಲ್ಲೇ ಕೂತಿರುತ್ತದಲ್ಲ ಎಂದು ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ನಾಚಿಕೆಯಾದಾಗಲೆಲ್ಲ ಅವನು ಜೋರಾಗಿ ತಲೆಯಾಡಿಸುತ್ತಾನೆ. ಡಾಕ್ಟರ್ ಮೀನಲ ಅದನ್ನು ಒಪ್ಪಿಗೆಯೆಂದು ತಿಳಿದು ಮುಂದಿನ ಮಾತಿಗೆ ಹೋದರು.

ಉಮರ್ಗಾದ ಈ ದವಾಖಾನೆಗೆ ಬಂದಾಗಿನಿಂದ ಅವನು ಡಾಕ್ಟರ ಎದುರು ಇಸ್ತ್ರಿ ಮಾಡಿದಂಥ ಮರಾಠಿ ಮಾತಾಡುತ್ತಿದ್ದ. ಇವತ್ತು ಬೆಳಿಗ್ಗೆ ಅವರು ನಡುವೆಯೇ ತಡೆದು, ನಂಗ ಕನ್ನಡ ತಿಳೀತದ್ರಿ, ನಾವು ಉದಗೀರದವರು, ನಮ್ಮ ಆಜಿ ಕನ್ನಡದಾಗೇ ಬೈತಿದ್ಳು ಎಂದಿದ್ದರು. ನಾಲ್ಕು ದಿನದ ಮರಾಠಿ ವ್ಯರ್ಥವಾಯಿತು. ಕನ್ನಡದಲ್ಲಿ ಕೇಳಿದಾಗ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಮರಾಠಿಯಲ್ಲಿ ಅದು ಯಾರದೋ ಪೇಶಂಟಿನ ಸಮಾಚಾರ, ಕನ್ನಡದಲ್ಲಿ ಅವ್ವನದು. ಗೌರಾಬಾಯಿಗೆ ಎರಡನೇ ಸಲ ಲಕ್ವಾ ಹೊಡೆದಿದೆ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಎದೆಯಲ್ಲಿ ಸೋಂಕು ಸುರುವಾಗಿದೆ, ಕಿಡ್ನಿಯೂ ಸೋಲುತ್ತಿದೆ. ಸಲೈನಿನ ಮೇಲೆ ಇದ್ದಾಳೆ. ಬಾಯಿಯ ಹತ್ತಿರ ಚಮಚ ತಂದರೆ ಹಲ್ಲು ಕಚ್ಚುತ್ತಾಳೆ. ಮೂಗಿನಲ್ಲಿ ಎರಡು ಸಲ ನಳಿಗೆ ಹಾಕಿದರೆ ಎರಡು ಸಲವೂ ಎಡಗೈಯಿಂದ ಕಿತ್ತು ಎಸೆದಿದ್ದಾಳೆ.

"ಮೂರನೇ ಸಲ ಹಾಕಬೇಕಂದ್ರ ಆ ಎಡಗೈ ಮಂಚಕ್ಕ ಕಟ್ಟಬೇಕಾಗ್ತದ್ರಿ" ಎಂದರು ಡಾಕ್ಟರು. "ಉಸಿರಿನ ತ್ರಾಸ ಹೆಚ್ಚಾದ್ರ ಮುಂದ ವೆಂಟಿಲೇಟರ್. ಅದು ಹಚ್ಚಿದ್ರ ಮತ್ತ ತೆಗೀಲಿಕ್ಕೆ ಆಗ್ತದಂತ ನಾ ಹೇಳಂಗಿಲ್ಲ. ಅಥವಾ ಇದ್ಯಾವುದೂ ಬ್ಯಾಡ, ನೋವು ಆಗದಂಗ, ದಮ್ಮ ಹತ್ತದಂಗ ಔಷಧ ಕೊಟ್ಟು ನೋಡಕೊಳ್ಳೂದು. ಯಾವುದಂತ ಇವತ್ತ ಹೇಳ್ರಿ."

ಮೇಜಿನ ಮೇಲೆ ಮಲಗಿಸಿದ್ದ ಫೋನಿನೊಳಗಿಂದ ಅಕ್ಕ ವಿದ್ಯಾವತಿ ಮಾತಾಡಿದಳು. ಅವಳು ಉದಗೀರದಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಳೆ. "ಮಷೀನ್ ಹಚ್ಚಲಿ. ಎಲ್ಲಾ ಹಚ್ಚಲಿ. ನಾ ಬರೂತನಕ ಇಡ್ರಿ ಅವ್ವಗ" ಎಂದಳು. ಮಾವಿನಹಣ್ಣಿನ ಬುಟ್ಟಿಯ ವಿಷಯ ಹೇಳುವಂತಿತ್ತು ಆ ಧ್ವನಿ, ಆದರೆ ಹೇಳಿ ಮುಗಿಸಿ ಅತ್ತಳು. ಬಸವೇಶ್ವರ ಫೋನಿನ ಕಡೆಗೂ ತಲೆಯಾಡಿಸಿದ. ಪಕ್ಕದ ಕುರ್ಚಿಯಲ್ಲಿದ್ದ ಮನ್ಮಥಪ್ಪ ಕಾಕಾ ಗಂಟಲು ಸರಿಮಾಡಿಕೊಂಡ. ಕಾಕಾ ಗುಂಜೋಟಿಯವನು, ಅಪ್ಪನ ಕೊನೆಯ ತಮ್ಮ, ಎಪ್ಪತ್ತೆರಡು ವರ್ಷ. ಆ ಊರಲ್ಲಿ ಲಿಂಗವಂತರ ಮನೆಯಲ್ಲಿ ಯಾರೇ ತೀರಿಕೊಂಡರೂ ಮೊದಲು ಅವನನ್ನು ಕರೆಯುತ್ತಾರೆ, ಯಾಕೆಂದರೆ ಹೆಣ ಬಿಗಿಯುವುದರೊಳಗೆ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂಡಿಸುವುದರಲ್ಲಿ ಅವನ ಕೈ ಪಳಗಿದೆ. ನಮ್ಮವರು ಮಲಗಿ ಮಣ್ಣಿಗೆ ಹೋಗುವುದಿಲ್ಲ, ಕುಳಿತು ಹೋಗುತ್ತಾರೆ. ಈ ಹೆಚ್ಚುಗಾರಿಕೆಯಿಂದಾಗಿ ಕಾಕಾ ಜ್ವರ ಬಂದವರನ್ನು ನೋಡಲು ಹೋದರೂ ಅವರ ಮೊಣಕಾಲು ನೋಡುತ್ತಾನೆ.

"ಡಾಕ್ಟರಬಾಯಿ" ಎಂದ ಕಾಕಾ, "ಮಷೀನಿನ ಮ್ಯಾಲ ಹ್ವಾದ್ರ ಮಯ್ಯಿ ಎಷ್ಟೊತ್ತಿನಾಗ ಬಿಗೀತದ್ರಿ?"

ಡಾಕ್ಟರು ಅವನನ್ನು ಸ್ವಲ್ಪ ಹೊತ್ತು ನೋಡಿದರು. ಇಂಥ ಪ್ರಶ್ನೆ ಯಾವ ಪುಸ್ತಕದಲ್ಲೂ ಓದಿರಲಿಕ್ಕಿಲ್ಲ. ಫೋನಿನಲ್ಲಿ ವಿದ್ಯಾವತಿ "ಕಾಕಾ ಏನ್ ಕೇಳಲತಾನ?" ಎಂದಳು. ಬಸವೇಶ್ವರನಿಗೆ ಕಾಕಾನ ಮೇಲೆ ಸಿಟ್ಟು ಬಂತು. ಆಮೇಲೆ ಇಡೀ ಕೋಣೆಯಲ್ಲಿ ಮುಂದೇನಾಗುತ್ತದೆಂದು ಸರಿಯಾಗಿ ತಿಳಿದುಕೊಂಡವನು ಕಾಕಾ ಒಬ್ಬನೇ ಎಂದೂ ಅನ್ನಿಸಿತು.

ಡಾಕ್ಟರು ಕಾಕಾನನ್ನು ಬಿಟ್ಟು ಬಸವೇಶ್ವರನ ಕಡೆ ತಿರುಗಿದರು. "ನಿಮಗ ಏನ್ ಬೇಕಂತ ನಾ ಕೇಳಲತಿಲ್ಲ. ಅವರಿಗಿ ಮಾತ ಬರ್ತಿದ್ರ ಅವರು ಏನಂತಿದ್ರು? ಅದು ನಿಮಗ ಗೊತ್ತಿರಬೇಕಲ್ರಿ, ಮಗ ನೀವು."

ಏನನ್ನುತ್ತಿದ್ದಳು. ಅವ್ವ ಏನನ್ನುತ್ತಿದ್ದಳೆಂದು ಅವನು ಐವತ್ತು ವರ್ಷ ಕೇಳಿಸಿಕೊಂಡಿದ್ದಾನೆ. ಫ್ಯಾನು ಬಂದ್ ಮಾಡು, ಚಪ್ಪಲಿ ಹೊರಗೆ ಬಿಡು, ಹೆಂಡತಿ ಸಾರಿಕಾಳಿಗೆ ಎದುರು ಮಾತಾಡಬೇಡ. ಸಾವಿನ ಬಗ್ಗೆ ಹೇಳಿದ್ದು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಗುಂಜೋಟಿಯ ಕಣ. ಅವನಿಗೆ ಎಂಟು ವರ್ಷ, ತೊಗರಿ ರಾಶಿ ತೂರುತ್ತಿದ್ದಾರೆ, ಅವ್ವನ ಕೊರಳಿನ ಶಿವದಾರ ಹರಿದು ಬೆಳ್ಳಿ ಕರಡಿಗೆಯೊಳಗಿನ ಲಿಂಗ ಕರಡಿಗೆ ಸಮೇತ ಎಲ್ಲೋ ಬಿದ್ದಿದೆ. ಲಿಂಗ ಪೂಜಿಸದೆ ಬಾಯಲ್ಲಿ ನೀರು ಹಾಕುವವಳಲ್ಲ ಅವಳು. ಎರಡು ದಿನ ಎಲ್ಲರಿಗೂ ರೊಟ್ಟಿ ಬಡಿದು ಹಾಕಿ ತಾನು ಹಲ್ಲು ಕಚ್ಚಿಕೊಂಡು ಕಣದಲ್ಲಿ ಓಡಾಡಿದಳು. ಎಡಗೈಯಿಂದ ಖಾಲಿ ಎದೆಯನ್ನು ಮತ್ತೆ ಮತ್ತೆ ತಟ್ಟಿ ನೋಡಿಕೊಳ್ಳುತ್ತಿದ್ದಳು. ಅಪ್ಪ ಇಡೀ ರಾಶಿಯನ್ನು ಮತ್ತೊಮ್ಮೆ ಜರಡಿ ಹಿಡಿದ. ಸಿಕ್ಕಿದ ಮೇಲೆ ಅಪ್ಪ ಅಂದದ್ದು, ನಡುವೆ ಒಂದ ರೊಟ್ಟಿ ತಿಂದಿದ್ರ ದೇವರೇನು ಸಿಟ್ಟಾಗತಿದ್ನೇನು. ಅವ್ವ ಅಂದದ್ದು, ಅಂವಾ ಯಾಕ ಆಗ್ತಾನ, ನಾ ಆಗ್ತಿದ್ನಿ. ಅವಳ ತೊಡೆಯ ಮೇಲೆ ಕೂತಿದ್ದ ಹುಡುಗ ಬಸವೇಶ್ವರನಿಗೆ ಆಗ ನಗು ಬಂದಿತ್ತು, ಅವ್ವನೂ ಮೈ ಅಲುಗುವಂತೆ ನಕ್ಕಿದ್ದಳು. ಈಗ ಕುರ್ಚಿಯಲ್ಲಿ ಕೂತವನಿಗೆ ಕಣದಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದ ಎಡಗೈ ಕಂಡಿತು. ಅದೇ ಎಡಗೈ ಗೋಡೆಯಾಚೆಯ ಐಸಿಯುನಲ್ಲಿ ನಾಲ್ಕು ದಿನದಿಂದ ಎದೆ ತಟ್ಟುತ್ತಿದೆ. ಎದೆನೋವು ಎಂದು ಮೂರು ಸಲ ಇಸಿಜಿ ತೆಗೆದರು. ಮೂರೂ ನಾರ್ಮಲ್ ಬಂದವು.

ಲಿಂಗ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಮೊದಲ ದಿನ ತಲೆಯ ಸ್ಕ್ಯಾನ್ ತೆಗೆಯುವವನು ಕೊರಳಲ್ಲಿ ಕಿವಿಯಲ್ಲಿ ಮೂಗಿನಲ್ಲಿ ಏನೂ ಇರಬಾರದೆಂದು ಎಲ್ಲ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಜೋಪಾನ ಎಂದು ಇವನ ಕೈಗೆ ಕೊಟ್ಟಿದ್ದ. ಇವನು ಜೋಪಾನ ಮಾಡಿದ್ದು ಸೀಟಿನ ಕೆಳಗೆ, ಪೈಪಿಗೆ ಹಚ್ಚುವ ಸಲ್ಯೂಷನ್ ಡಬ್ಬಿಯ ಪಕ್ಕ. ಅವ್ವನ ಸಾಮಾನು ಎಲ್ಲಿ ಎಂದು ಆ ದಿನವೇ ಸಾರಿಕಾ ಕೇಳಿದಾಗ, ಇಟ್ಟೀನಿ ಎಂದಿದ್ದ. ಇಟ್ಟದ್ದು ನಿಜ. ಅವ್ವನಿಗೆ ಆಸ್ಪತ್ರೆಯ ಹಸಿರು ಅಂಗಿ ತೊಡಿಸಿ ಗದ್ದದವರೆಗೆ ಚಾದರ ಹೊದಿಸಿದ್ದರಿಂದ ಯಾರಿಗೂ ಖಾಲಿ ಕೊರಳು ಕಾಣಲಿಲ್ಲ. ಲಿಂಗ ಕಟ್ಟಿಕೊಳ್ಳುವವನಾಗಿದ್ದರೆ ಇವನಿಗೆ ನೆನಪಾಗುತ್ತಿತ್ತೇನೋ. ಇವನದು ಮದುವೆಯಾದ ವಾರದಿಂದ ದೇವರ ಕೋಣೆಯ ಮೊಳೆಗೆ ನೇತಾಡುತ್ತಿದೆ. ಹೆಸರು ಮಾತ್ರ ಬಸವೇಶ್ವರ.

"ಸರ್?" ಎಂದರು ಡಾಕ್ಟರು.

ಈಗ ಹೇಳಬೇಕು. ಮ್ಯಾಡಮ್, ನಮ್ಮ ಅವ್ವ ಬದುಕು ಬೇಡವೆಂದು ಬಾಯಿ ಮುಚ್ಚಿಲ್ಲ, ಪೂಜೆಯಾಗದೆ ಬಾಯಿ ತೆರೆಯುವುದಿಲ್ಲ, ಪೂಜೆ ಮಾಡಬೇಕಾದದ್ದು ನನ್ನ ಡಿಕ್ಕಿಯಲ್ಲಿದೆ. ಮೂರು ಚಿಕ್ಕ ಮಾತು. ಆದರೆ ಪಕ್ಕದಲ್ಲಿ ವಿಭೂತಿ ಬಳಿದುಕೊಂಡ ಕಾಕಾ, ಮೇಜಿನ ಮೇಲೆ ಉದಗೀರದವರೆಗೆ ತೆರೆದ ಕಿವಿ. ಈ ವಿಷಯ ಹೊರಬಿದ್ದರೆ ಸಾಯಂಕಾಲದೊಳಗೆ ನಿಲಂಗಾದ ಬೀಗರ ಮನೆ ಮುಟ್ಟುತ್ತದೆ, ಮೊಮ್ಮಕ್ಕಳ ಕಾಲದಲ್ಲೂ ಇವನನ್ನು ಡಿಕ್ಕಿಯ ಬಸವೇಶ್ವರ ಎಂದೇ ಗುರುತಿಸುತ್ತಾರೆ. ಅವನು ಎದ್ದು, "ಅಂಗಡಿದು ಅರ್ಜೆಂಟ್ ಫೋನ್ ಅದರಿ, ಎರಡ ಮಿನಿಟ್" ಎಂದ. ಅವನ ಫೋನು ಎಲ್ಲರ ಕಣ್ಣೆದುರು ಮೇಜಿನ ಮೇಲೆ ವಿದ್ಯಾವತಿಯನ್ನು ಹೊತ್ತು ಮಲಗಿತ್ತು.

ಬಿಸಿಲಲ್ಲಿ ಸ್ಕೂಟರಿನ ಸೀಟು ಕಾದಿತ್ತು. ಸೀಟು ಎತ್ತಿದ ಕೂಡಲೇ ಸಲ್ಯೂಷನ್ನಿನ ಘಾಟು ಮೂಗಿಗೆ ಹೊಡೆಯಿತು. ಸೆಕೆಗೆ ಡಬ್ಬಿಯ ಮುಚ್ಚಳ ಸಡಿಲಾಗಿ ಅಂಟು ಸೋರಿ, ಚೀಲ ಡಿಕ್ಕಿಯ ತಳಕ್ಕೆ ಕಚ್ಚಿಕೊಂಡು ಕೂತಿತ್ತು. ಎಳೆದ. ಬರಲಿಲ್ಲ. ಹತ್ತು ವರ್ಷ ಬಿಡುವುದಿಲ್ಲ ಎಂದು ಗಿರಾಕಿಗಳಿಗೆ ಅವನೇ ಆಣೆ ಮಾಡಿ ಹೇಳುವ ಅಂಟು ಅದು, ಅವನ ಜೀವನದಲ್ಲಿ ಹೇಳಿದ ಒಂದು ಮಾತು ನಿಜವಾಗಲು ಈ ದಿನವನ್ನೇ ಕಾದಿತ್ತು. ಕೀಲಿಯಿಂದ ಚೀಲ ಸೀಳಿ ಕರಡಿಗೆಯನ್ನು ಬಿಡಿಸಿದ. ಮೂಗುಬಟ್ಟು ಬಂತು, ಶಿವದಾರದ ಅರ್ಧ ತಳದಲ್ಲೇ ಉಳಿಯಿತು. ಕರಡಿಗೆಯನ್ನು ಅಂಗಿಗೆ ಒರೆಸುತ್ತ ನಿಂತವನಿಗೆ ಒಮ್ಮೆಲೇ ಅಳು ಬಂತು, ಕಾರಣ ಅಂಟಿನ ಘಾಟು ಎಂದು ಪಕ್ಕದಲ್ಲಿ ಬೈಕು ತೆಗೆಯುತ್ತಿದ್ದವನಿಗೆ ಸನ್ನೆ ಮಾಡಿ ತೋರಿಸಿದ. ಅಳುವಿನ ಒಳಗೆ ಒಂದು ಆಸೆಯೂ ಇತ್ತು. ಅವ್ವ ಸಾಯುತ್ತಿಲ್ಲ, ನನ್ನ ಮೇಲೆ ಮುನಿಸಿಕೊಂಡಿದ್ದಾಳೆ ಅಷ್ಟೇ. ಮುನಿಸಾದರೆ ಇಳಿಸಬಹುದು.

ಕಳ್ಳತನದಿಂದ ಒಳಗೆ ಹೋಗಿ ಕೊರಳಿಗೆ ಹಾಕಿ ಬಂದುಬಿಡುವ ಅವನ ಯೋಜನೆ ಐಸಿಯು ಬಾಗಿಲಲ್ಲೇ ಮುಗಿಯಿತು. ನರ್ಸ್ ಸಪ್ನಾ ಮುಷ್ಟಿ ಬಿಚ್ಚಿಸಿ ನೋಡಿ, ಮೂಸಿ ನೋಡಿ, "ಹೇ ಕಾಯ್ ಆಹೆ?", ಇದೇನು ಎಂದು ಮರಾಠಿಯಲ್ಲಿ ಕೇಳಿ ನೆಟ್ಟಗೆ ಡಾಕ್ಟರ ಕೋಣೆಗೇ ಕರೆತಂದಳು. ಶಾಲೆಯಲ್ಲಿ ಗೋಲಿ ಕದ್ದು ಸಿಕ್ಕಿಬಿದ್ದಾಗಲೂ ಇದೇ ರೀತಿ ಒಯ್ದಿದ್ದರು. ಅವನು ಹೇಳಿದ. ಹೇಳುವಾಗ ಡಾಕ್ಟರನ್ನಲ್ಲ, ಮೇಜಿನ ಮೇಲಿನ ನಳಿಗೆಯನ್ನು ನೋಡುತ್ತಿದ್ದ.

ಕಾಕಾನ ಕೈ ತನ್ನ ಎದೆಯ ಮೇಲಿನ ಕರಡಿಗೆಗೆ ಹೋಯಿತು. "ನಾಕ ದಿನ?" ಎಂದ.

"ಹೌದ ಕಾಕಾ."

"ಎಲ್ಲಿ ಇಟ್ಟಿದ್ದಿ?"

"ಡಿಕ್ಕ್ಯಾಗ."

"ಯಾವುದರ ಡಿಕ್ಕ್ಯಾಗ?"

"ಸ್ಕೂಟರಿಂದು."

ಕಾಕಾ ಕಣ್ಣು ಮುಚ್ಚಿದ. ಕಾರಿನದಾಗಿದ್ದರೆ ಸ್ವಲ್ಪ ಕ್ಷಮೆಯಿತ್ತೆಂದು ಕಾಣುತ್ತದೆ. ಫೋನು, "ಬಸೂ, ನಾ ಎದ್ದ ಬರಲಿಕ್ಕೆ ಆಗಲ್ಲಂತ ಉಳದಿ ನೋಡು" ಎಂದಿತು. ಡಾಕ್ಟರು ಮಾತ್ರ ಫೈಲು ತೆರೆದು, ಮೂರು ಇಸಿಜಿಗಳನ್ನು ಒಂದೊಂದಾಗಿ ತಿರುವಿ, ತುಟಿ ಬಿಗಿಹಿಡಿದರು. ನಗು ತಡೆದುಕೊಂಡರೋ ಬೇಸರವೋ ತಿಳಿಯಲಿಲ್ಲ. "ತಪ್ಪು ನಂದೂ ಅದರಿ" ಎಂದರು, "ನಾನೂ ಕೇಳಲಿಲ್ಲ. ನಡೀರಿ."

ಮಂಚದ ತಲೆಯ ಭಾಗ ಎತ್ತಿ ಅವ್ವನನ್ನು ಕೂಡಿಸಿದ್ದರು. ಮುಖದ ಅರ್ಧ ಜೋತು ಬಿದ್ದಿತ್ತು, ಉಳಿದರ್ಧ ಅವ್ವನಂತೆಯೇ ಇತ್ತು. ಕರಡಿಗೆ ಕಂಡ ಕೂಡಲೇ ಎದೆ ತಟ್ಟುತ್ತಿದ್ದ ಕೈ ನಿಂತು ಅಂಗೈ ತೆರೆಯಿತು. ಲಿಂಗವನ್ನು ಎಡ ಅಂಗೈಯಲ್ಲೇ ಹಿಡಿಯಬೇಕು, ಅವಳಿಗೆ ಉಳಿದದ್ದೂ ಎಡಗೈಯೇ. ಪೂಜೆಗೆ ಮಾತ್ರ ಬಲಗೈ ಬೇಕು. ಅವಳು ಚಾದರದ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡಿದಳು, ಆಮೇಲೆ ಬಸವೇಶ್ವರನ ಬಲಗೈಯನ್ನು ನೋಡಿದಳು. ಹೇಳುವುದೇನೂ ಉಳಿಯಲಿಲ್ಲ. ಕಾಕಾ ತನ್ನ ಸಂಚಿಯಿಂದ ವಿಭೂತಿ ಕೊಟ್ಟ. ಸಪ್ನಾ ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರಿನ ಚಿಕ್ಕ ಬಾಟಲಿಯ ಕುತ್ತಿಗೆ ಮುರಿದು ಕೊಟ್ಟಳು. ಇಪ್ಪತ್ತೈದು ವರ್ಷದಿಂದ ಮೊಳೆಗೆ ದೇವರನ್ನು ನೇತುಹಾಕಿದವನು ಅವ್ವನ ಅಂಗೈಯ ಮೇಲೆ ನೀರು ಹನಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದ. ಬೆರಳಿನಲ್ಲಿ ಸಲ್ಯೂಷನ್ನಿನ ವಾಸನೆ ಇತ್ತು. ಅವ್ವ ಮೂಗು ಸುಕ್ಕು ಮಾಡಿದಳು. ಅರ್ಧ ಮೂಗು ಮಾತ್ರ ಸುಕ್ಕಾಯಿತು, ಅದು ಬೈಗುಳವೇ ಎಂದು ಅವನಿಗೆ ಗೊತ್ತಾಗಿ ಬಹಳ ಸಮಾಧಾನವಾಯಿತು.

ಆಮೇಲೆ ಅವಳು ಬಾಯಿ ತೆರೆದಳು. ಡಾಕ್ಟರು ತಾವೇ ಚಮಚ ಹಿಡಿದು, ಗಂಟಲ ಮೇಲೆ ಎರಡು ಬೆರಳಿಟ್ಟು, ಒಂದೊಂದು ಗುಟುಕನ್ನೂ ಕಾದು ನೋಡಿದರು. ಒಂದು ಚಮಚ ನೀರು ಇಳಿಯಿತು. ಎರಡನೆಯದಕ್ಕೆ ಕೆಮ್ಮಿದಳು. ಗಟ್ಟಿ ಗಂಜಿ ಮೂರು ಚಮಚ ಹೋಯಿತು. ಬಸವೇಶ್ವರ ಮನಸ್ಸಿನಲ್ಲೇ ಅಂಗಡಿ ಮುಚ್ಚಿ ಅವ್ವನನ್ನು ಹೊಲಕ್ಕೆ ಕರೆದೊಯ್ದ, ತೊಗರಿ ತೋರಿಸಿದ. ಡಾಕ್ಟರ ಮುಖದಲ್ಲಿ ಹೊಲ ಇರಲಿಲ್ಲ.

"ಗಂಜಿ ಹೋಯ್ತು, ಸಂತೋಷ" ಎಂದು ಅವರು ಮೆಲ್ಲಗೆ ಇವನಿಗೆ ಹೇಳಿದರು. "ಆದ್ರ ಎದಿಯಾಗಿನ ಸೋಂಕು ಹಾಂಗೇ ಅದ, ಕಿಡ್ನಿ ಹಾಂಗೇ ಅದ. ಮೂರು ಚಮಚದಾಗ ಮೈ ನಡಿಯಂಗಿಲ್ರಿ. ನಳಿಗಿ ಪ್ರಶ್ನಿ ಹಾಂಗೇ ಉಳೀತದ. ಈಗ ಅವರಿಗೇ ಕೇಳೂಣು."

ಕುರ್ಚಿ ಎಳೆದುಕೊಂಡು ಅವ್ವನ ಕಣ್ಣಿನ ಸಮಕ್ಕೆ ಕೂತರು. "ಆಜೀ, ಹೌದಂದ್ರ ಕಣ್ ಮುಚ್ಚರಿ. ಇಲ್ಲಂದ್ರ ಬಿಟ್ಟೇ ಇರ್ರಿ. ನಿಮ್ಮ ಹೆಸರು ಶೇವಂತಾಬಾಯಿ ಏನ್ರಿ?"

ಅವ್ವ ಕಣ್ಣು ಬಿಟ್ಟು ನೋಡಿದಳು. ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬ ನೋಟ.

"ಗೌರಾಬಾಯಿ?"

ಮುಚ್ಚಿದಳು.

"ಮೂಗಿನಾಗ ನಳಿಗಿ ಹಾಕೂದಾ? ಹಾಕಿದ್ರ ಇನ್ನೊಂದಿಷ್ಟು ದಿನ ಹೆಚ್ಚಿಗಿ ಸಿಗಬಹುದು. ಹಾಕದಿದ್ರ ಬಾಯಿಲೆ ಎಷ್ಟ ಹೋಗ್ತದ ಅಷ್ಟೇ, ದಿನಾನೂ ಕಡಿಮಿ."

ಅವ್ವ ಕಣ್ಣು ಬಿಟ್ಟೇ ಇದ್ದಳು. ಎಲ್ಲಿ ರೆಪ್ಪೆ ಬಡಿದರೆ ಹೌದೆಂದು ಬರೆದುಕೊಂಡು ಬಿಡುತ್ತಾರೋ ಎಂಬಂತೆ ರೆಪ್ಪೆ ಬಡಿಯದೆ ಬಿಟ್ಟೇ ಇದ್ದಳು. ಕಣ್ಣು ಕೆಂಪಾಗಿ ಎರಡೂ ಕೆನ್ನೆಯ ಮೇಲೆ ನೀರಿಳಿಯಿತು. ಡಾಕ್ಟರು, "ತಿಳೀತರಿ ಆಜೀ, ಸಾಕು" ಎಂದ ಮೇಲೆ ಸೆರಗಿಲ್ಲದ ಹಸಿರು ಅಂಗಿಯ ಭುಜಕ್ಕೆ ಕೆನ್ನೆ ಒರೆಸಿಕೊಂಡಳು. ಉಸಿರಿನ ಮಷೀನು ಕೇಳಿದಾಗಲೂ ಹಾಗೆಯೇ ಮಾಡಿದಳು. ಮನೆಗೆ ಹೋಗೂದಾ ಎಂದು ಕೇಳಿದಾಗ ಕಣ್ಣು ಮುಚ್ಚಿದವಳು ಎಷ್ಟು ಹೊತ್ತು ಮುಚ್ಚಿಯೇ ಇದ್ದಳೆಂದರೆ, ಕಾಕಾ ಮುಂದೆ ಬಂದು ಅವಳ ಮೊಣಕಾಲು ಮುಟ್ಟಿ ನೋಡಿದ.

ಬಸವೇಶ್ವರ ಕಿಟಕಿಯ ಕಡೆ ಹೋಗಿ ನಿಂತ. ಅರ್ಧ ಗಂಟೆಯ ಹಿಂದೆ ಅವನಿಗೊಂದು ತಪ್ಪು ಇತ್ತು, ದೊಡ್ಡದು, ಕೈಗೆ ಅಂಟಿಕೊಳ್ಳುವಂಥದು. ಅವ್ವ ಉಣ್ಣದಿರಲು ಅದೇ ಕಾರಣ ಎಂದು ತಿಳಿದಾಗ ಅವನು ಒಳಗೊಳಗೇ ಹಿಗ್ಗಿದ್ದ. ಈಗ ಲಿಂಗ ಅಂಗೈಯಲ್ಲಿದೆ, ಗಂಜಿ ಹೊಟ್ಟೆಯಲ್ಲಿದೆ, ಬುದ್ಧಿ ನೆಟ್ಟಗಿದೆ, ಎಲ್ಲ ಸರಿಯಿದ್ದೂ ಅವಳು ಬೇಡ ಎಂದಳು. ಕಾರಣ ಇವನಲ್ಲ. ಇವನು ತಪ್ಪೊಪ್ಪಿಕೊಂಡರೂ ಇಲ್ಲದಿದ್ದರೂ ಅವ್ವ ಹೋಗುತ್ತಾಳೆ. ತಪ್ಪು ತನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಈ ಸಲ ನಾಚಿಕೆಯಾಗಲಿಲ್ಲ, ದುಃಖವಾಯಿತು.

ಕಾಗದದ ಮೇಲೆ ಅವಳ ಹೆಬ್ಬೆಟ್ಟು ಆದರೆ ಒಳ್ಳೆಯದು ಎಂದರು ಡಾಕ್ಟರು. ಸಪ್ನಾ ಶಾಯಿಯ ಡಬ್ಬಿ ತಂದಳು. ಅವ್ವ ಲಿಂಗ ಹಿಡಿದ ಮುಷ್ಟಿ ಬಿಚ್ಚಲಿಲ್ಲ. ಬಸವೇಶ್ವರ ಬಿಡಿಸಲು ಹೋದ, ಮುಷ್ಟಿ ಇನ್ನೂ ಬಿಗಿಯಾಯಿತು. ಒಮ್ಮೆ ಇವನ ಕೈಗೆ ಕೊಟ್ಟು ನೋಡಿಯಾಗಿತ್ತಲ್ಲ. ಕಡೆಗೆ ಅವನೇ ಸಹಿ ಮಾಡಿದ, ಕಾಕಾ ಸಾಕ್ಷಿ ಹಾಕಿದ. ಫೋನಿನಲ್ಲಿ ವಿದ್ಯಾವತಿ, "ಖರೇನ ಅವ್ವನೇ ಹೇಳಿದಳೇನು?" ಎಂದು ಕೇಳಿದಳು. "ಖರೇನ" ಎಂದ ಅವನು. "ನಾಳಿ ಗಾಡಿ ಮಾಡಿಕೊಂಡು ಬರ್ತೀನಿ, ಕಾಲು ಹ್ವಾದ್ರ ಹೋಗಲಿ" ಎಂದಳು. ಡಾಕ್ಟರು ನೋವಿನ ಔಷಧ, ಉಸಿರು ಕಟ್ಟಿದರೆ ಕೊಡುವ ಔಷಧ, ತಲೆ ಎಷ್ಟು ಎತ್ತರ ಇಡಬೇಕು, ಚಮಚ ಎಷ್ಟು ಚಿಕ್ಕದಿರಬೇಕು ಎಲ್ಲ ಬರೆದು, ತಮ್ಮ ನಂಬರೂ ಬರೆದರು. ಎಷ್ಟು ದಿನ ಎಂದು ಅವನು ಕೇಳಿದ್ದಕ್ಕೆ, "ವಾರ ಅನ್ನಬಹುದ್ರಿ, ತಿಂಗಳ ಅನ್ನಂಗಿಲ್ಲ" ಎಂದರು.

ಆಂಬುಲೆನ್ಸಿನಲ್ಲಿ ಅವ್ವ ಮಲಗಲಿಲ್ಲ. ಮಲಗಿಸಿದರೆ ಎಡಗೈ ಊರಿ ಏಳಲು ನೋಡುತ್ತಿದ್ದಳು. ಬಸವೇಶ್ವರ ಹಿಂದೆ ಕೂತು ಅವಳ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡ. ಇಷ್ಟು ಹಗುರಾಗಿದ್ದಾಳೆಂದು ಗೊತ್ತಿರಲಿಲ್ಲ. ಉಮರ್ಗಾ ದಾಟಿ ಹೈವೇಗೆ ಹತ್ತಿದ ಮೇಲೆ ಡ್ರೈವರ್ ಅಮೃತ ಕನ್ನಡಿಯಲ್ಲಿ ನೋಡಿ, "ಮುದುಕಿಗಿ ಮಲಗಸರಿ ಸಾಹೇಬ್ರ, ಹಿಂಗ ಯಾರೂ ಕುಂತ ಹೋಗಲ್ಲ" ಎಂದ.

"ನಮ್ಮವರು ಕುಂತೇ ಹೋಗ್ತಾರ" ಎಂದ ಕಾಕಾ. ಬಾಯಿಂದ ಮಾತು ಬಿದ್ದ ಮೇಲೆ ಎಲ್ಲಿ, ಯಾರೆದುರು ಆಡಿದೆನೆಂದು ಅರಿವಾಗಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅವ್ವನ ಎದೆಯೊಳಗಿಂದ ಗೊರಗೊರ ಎಂಬ ಸದ್ದು ಬಂತು. ಮೈ ಅಲುಗಾಡಿತು. ಕಾಕಾ ಗಾಬರಿಯಾಗಿ, "ಕಫ ಕಟ್ಟ್ಯಾದ, ಗಾಡಿ ತಿರುಗಸು, ಡಾಕ್ಟರಗ ಫೋನ್ ಹಚ್ಚು" ಎಂದ. ಡ್ರೈವರ್ ಬ್ರೇಕು ಒತ್ತಿದ. ಬಸವೇಶ್ವರ ಫೋನು ತೆಗೆಯಲಿಲ್ಲ. ಅವಳ ಬೆನ್ನು ಅವನ ಎದೆಯ ಮೇಲೆ ಅಲುಗುತ್ತಿತ್ತು, ತೊಗರಿ ರಾಶಿಯ ಪಕ್ಕದಲ್ಲಿ ಅವಳ ತೊಡೆಯ ಮೇಲೆ ಕೂತಿದ್ದಾಗ ಅಲುಗಿದಂತೆಯೇ.

"ನಡಿ, ತಿರುಗಸಬ್ಯಾಡ" ಎಂದ ಅವನು. "ಅವ್ವ ನಗಲತಾಳ."